ಅಂಗಳದ ಅರ್ಧ ತೊಲೆ

ನಮ್ಮ ಅಂಗಳದಲ್ಲಿ ಬಿದ್ದಿರುವ ಬೇವಿನ ತೊಲೆಯ ತುಂಡನ್ನು ನಾನು ಸತ್ತ ಮೇಲೂ ಒಲೆಗೆ ಹಾಕಬೇಡಿ. ರಜೆಗೆ ಬಂದಾಗಲೆಲ್ಲ ನೀವು ಅದರ ಮೇಲೆ ಕುಳಿತು ಶೇಂಗಾ ಸುಲಿದು ಸಿಪ್ಪೆ ಚೆಲ್ಲುತ್ತೀರಿ. ಅದಕ್ಕೆ ನಾನು ಏನೂ ಅಂದವಳಲ್ಲ. ಆದರೆ ಹೋದ ಸಲ ನಿಮ್ಮಲ್ಲಿ ಒಬ್ಬರು ಆಚೆ ಮನೆಗೆ ಹೋಗಿ ಬಂದು, "ಅಜ್ಜೀ, ಅಕ್ಕ ದೇವರ ಈಬತ್ತಿ ಕದ್ದಿದ್ಲಂತ, ಖರೇನಾ?" ಎಂದು ಕೇಳಿದಿರಿ. ಆಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈಯಲ್ಲಿದ್ದ ರೊಟ್ಟಿ ಹರಿಯಿತು, ಅಷ್ಟೆ.

ಬಾಯಿಬಿಟ್ಟು ಹೇಳುವುದು ನನಗೆ ಬರುವುದಿಲ್ಲ. ದೇವದುರ್ಗದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು ನಾನು. ಪದ್ಯ ಹೇಳು ಎಂದರೆ ಗೋಡೆಯ ಕಡೆ ಮುಖ ಮಾಡಿ ಹೇಳುತ್ತಿದ್ದೆ. ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅದಕ್ಕೇ ನಿಮ್ಮ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಇದನ್ನು ಬರೆದಿಡುತ್ತಿದ್ದೇನೆ. ನಿಮ್ಮ ಅಕ್ಕ ವಿಭೂತಿ ಕದ್ದಿಲ್ಲ. ಆಚೆ ಮನೆಯವರು ಹೇಳುವುದು ಸುಳ್ಳು. ಅದು ಸುಳ್ಳೆಂದು ಅವರಿಗೂ ಗೊತ್ತಿದೆ.

ಮಾನ್ವಿಯ ಈ ಮನೆ ಮೊದಲು ಒಂದೇ ಆಗಿತ್ತು. ನನ್ನ ಅತ್ತೆ ತೀರಿದ ಮೇಲೆ ನಿಮ್ಮ ಅಜ್ಜ ಮತ್ತು ಅವರ ಅಣ್ಣ ಪಾಲಾದರು. ಪಡಸಾಲೆಯ ನಡುವೆ ಗೋಡೆ ಎದ್ದಿತು. ಅಂಗಳಕ್ಕೆ ಗೋಡೆ ಹಾಕಲಿಲ್ಲ, ಯಾಕೆಂದರೆ ನಳ ಒಂದೇ ಇತ್ತು. ಅಂಗಳದಲ್ಲಿ ಬಿದ್ದ ಒಂದು ತೊಲೆಯೂ ಪಾಲಾಗದೆ ಉಳಿಯಿತು. ಹಳೆಯ ದನದ ಕೊಟ್ಟಿಗೆ ಕುಸಿದಾಗ ಗಟ್ಟಿಯಾಗಿ ಉಳಿದದ್ದು ಅದೊಂದೇ ಮರ. ಹದಿನಾರು ಅಡಿ ಉದ್ದ. "ಯಾರ ಮನಿಗಿ ಮೊದಲ ಬೇಕಾಗ್ತದೋ ಅವ್ರು ತಗೋರಿ" ಎಂದು ಅತ್ತೆ ಸಾಯುವ ಮುಂಚೆ ಹೇಳಿದ್ದರು. ಯಾರಿಗೂ ಬೇಕಾಗಲಿಲ್ಲ. ಮಳೆ, ಬಿಸಿಲು ತಿಂದು ಅದು ಕಬ್ಬಿಣದಂತಾಗಿತ್ತು.

ಆಚೆ ಮನೆಯ ನಿಮ್ಮ ದೊಡ್ಡಜ್ಜ ನನಗೆ ಭಾವ. ಭಾವನ ಎದುರು ನಿಂತು ಮಾತಾಡಬಾರದು ಎಂದು ನನಗೆ ತವರಿನಲ್ಲಿ ಹೇಳಿ ಕಳಿಸಿದ್ದರು. ಸೆರಗು ಹಣೆಯ ಮೇಲೆ ಎಳೆದುಕೊಂಡು, ಏನಿದ್ದರೂ ನೆಗೆಣ್ಣಿಯ ಮೂಲಕ, ಎಂದರೆ ಅವರ ಹೆಂಡತಿಯ ಮೂಲಕ ಹೇಳಬೇಕು. ಅವರೂ ಹಾಗೆಯೇ. ನಾನು ಎರಡು ಮಾರು ದೂರದಲ್ಲಿ ನಿಂತಿದ್ದರೂ ಅವರು ಹೆಂಡತಿಗೆ, "ಆಕಿಗಿ ಹೇಳು" ಎನ್ನುತ್ತಿದ್ದರು. ನಲವತ್ತು ವರ್ಷ ಹೀಗೆ ನಡೆಯಿತು. ನಿಮ್ಮ ಅಜ್ಜ ತೀರಿದ ದಿನವೂ ಅವರು ಗೋಡೆಯನ್ನು ನೋಡುತ್ತ, "ಆಕಿಗಿ ಹೇಳು, ಧೈರ್ಯ ತಗೋ ಅಂತ" ಎಂದರು. ಇದನ್ನು ನಾನು ಮರ್ಯಾದೆ ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಮಾತಾಡದವಳನ್ನು ಒಂದು ಮೂಲೆಯಲ್ಲಿ ಇಟ್ಟು ಮರೆಯುವುದು ಸುಲಭ.

ನಿಮ್ಮ ಅಕ್ಕ ಒಂಬತ್ತನೇ ವಯಸ್ಸಿಗೇ ಜಿಮ್ನಾಸ್ಟಿಕ್ಸ್ ಕಲಿಯಲು ದೂರದ ಊರಿನ ಕ್ರೀಡಾ ಹಾಸ್ಟೆಲ್ಲಿಗೆ ಹೋದಳು. ನೀವು ಅವಳ ಪದಕಗಳನ್ನು ನೋಡಿದ್ದೀರಿ. ನಾನು ಹೇಳಹೊರಟ ವರ್ಷ ಅವಳಿಗೆ ಹದಿನೈದು. ದೇಶದ ತಂಡಕ್ಕೆ ಹುಡುಗಿಯರನ್ನು ತಯಾರು ಮಾಡುವ ಕ್ಯಾಂಪಿಗೆ ಆಯ್ಕೆಯಾಗಿ ಎರಡು ತಿಂಗಳೂ ಆಗಿರಲಿಲ್ಲ. ಅಷ್ಟರಲ್ಲಿ ಕೊರೊನಾ ಬಂತು. ಹಾಸ್ಟೆಲ್ ಮುಚ್ಚಿದರು, ಹುಡುಗಿಯರನ್ನು ಸಿಕ್ಕ ರೈಲಿಗೆ ಹತ್ತಿಸಿ ಮನೆಗೆ ಕಳಿಸಿದರು. ಹಿಂದೆಯೇ ಲಾಕ್‌ಡೌನ್ ಆಯಿತು.

ಮೊದಲು ಅವಳು ರಾಯಚೂರಿನಲ್ಲಿ ಅವಳ ಅಪ್ಪನ, ಎಂದರೆ ನಿಮ್ಮ ದೊಡ್ಡಪ್ಪನ, ಬಾಡಿಗೆ ಮನೆಯಲ್ಲಿದ್ದಳು. ಮೇಲಂತಸ್ತಿನ ಎರಡು ಕೋಣೆ. ಅಲ್ಲಿ ಅವಳು ಜಿಗಿದರೆ ಕೆಳಗಿನ ಮನೆಯ ಮಾಲೀಕರು ಕೋಲಿನಿಂದ ತಮ್ಮ ಛತ್ತನ್ನು ಕುಟ್ಟುತ್ತಿದ್ದರಂತೆ. ಒಂದು ದಿನ ಮೇಲೆ ಬಂದು, "ನಿಮ್ಮ ಮಗಳು ಕುಣಿಯೋದು ಬಿಡಬೇಕು, ಇಲ್ಲಾಂದ್ರ ನೀವು ಮನಿ ಬಿಡಬೇಕು" ಎಂದರಂತೆ. ಮನೆಯಿಂದ ಹೊರಗೆ ಬಂದರೆ ಪೊಲೀಸರು ಬಡಿಯುವ ಕಾಲದಲ್ಲಿ ಮನೆ ಬಿಡಿ ಎನ್ನಲು ಅವರಿಗೆ ಬಾಯಿ ಬಂತು. ನಿಮ್ಮ ದೊಡ್ಡಪ್ಪ ಪಾಸ್ ಇದ್ದ ಒಂದು ಹಾಲಿನ ಗಾಡಿಯ ಡ್ರೈವರನನ್ನು ಬೇಡಿಕೊಂಡು ಮಗಳನ್ನು ಮಾನ್ವಿಗೆ ಕಳಿಸಿದರು. "ಅಂಗಳ ಅದ, ನೆಲದ ಮ್ಯಾಲ ಮನಿ ಅದ, ಅಲ್ಲಿ ಯಾರೂ ಅನ್ನೋರಿಲ್ಲ" ಎಂದು ಫೋನಿನಲ್ಲಿ ಹೇಳಿದರು. ಪಾಪ, ಆಚೆ ಮನೆಯ ತನ್ನ ದೊಡ್ಡಪ್ಪನನ್ನು ನನ್ನ ಮಗ ಮರೆತಿದ್ದ.

ಅವಳು ಬಂದ ದಿನವೇ ಆಶಾ ಕಾರ್ಯಕರ್ತೆ ನಮ್ಮ ಬಾಗಿಲಿಗೆ ಚೀಟಿ ಅಂಟಿಸಿ ಹೋದಳು. ಹದಿನಾಲ್ಕು ದಿನ ನಾವು ಅಂಗಳ ದಾಟಿ ಹೊರಗೆ ಹೋಗುವಂತಿರಲಿಲ್ಲ. ಓಣಿಯವರು ನಮ್ಮ ಮನೆಯ ಮುಂದೆ ಬಂದಾಗ ಬಾಯಿಗೆ ಸೆರಗು ಒತ್ತಿಕೊಂಡು ಓಡುತ್ತಿದ್ದರು. ನನ್ನ ಕೈಯಿಂದ ಮಜ್ಜಿಗೆ ಕುಡಿದು ಬೆಳೆದವರೂ ಓಡಿದರು. ಅವರ ಹೆಸರುಗಳೆಲ್ಲ ನನಗೆ ನೆನಪಿವೆ. ಇಲ್ಲಿ ಬರೆಯುವುದಿಲ್ಲ. ನಾನು ನಳದಿಂದ ನೀರು ಹಿಡಿದು ಬಂದ ಕೂಡಲೇ ನೆಗೆಣ್ಣಿ ನಳಕ್ಕೆ ಸಾಬೂನು ಹಚ್ಚಿ ತೊಳೆಯುತ್ತಿದ್ದರು, ನನಗೆ ಕಾಣಲಿ ಎಂದೇ ತೊಳೆಯುತ್ತಿದ್ದರು. ಹದಿನಾಲ್ಕು ದಿನ ಮುಗಿದು ಚೀಟಿ ಹರಿದು ಹಾಕಿದ ಮೇಲೂ ಒಂದು ವಾರ ತೊಳೆದರು.

ನಿಮ್ಮ ಅಕ್ಕ ಬಂದವಳೇ ಮಾಡಿದ ಮೊದಲ ಕೆಲಸವೆಂದರೆ ಮನೆಯನ್ನು ಅಳೆದದ್ದು. ನನ್ನ ಕಣ್ಣಿಗೆ ಪಡಸಾಲೆ ಕಂಡಲ್ಲಿ ಅವಳಿಗೆ ಬೇರೆ ಏನೋ ಕಂಡಿತು. ತೊಟ್ಟಿಲು ಕಟ್ಟುವ ಕೊಂಡಿಗಳಿಗೆ ಹಗ್ಗ ಹಾಕಿ, ಒನಕೆಯನ್ನು ಅಡ್ಡ ಕಟ್ಟಿ, ಅದನ್ನು ಹಿಡಿದು ಜೋತುಬಿದ್ದು ಗದ್ದ ಮೇಲೇರಿಸುತ್ತಿದ್ದಳು. ನಿಮ್ಮ ಅಪ್ಪ, ದೊಡ್ಡಪ್ಪ ಇಬ್ಬರೂ ಮಲಗಿದ್ದ ತೊಟ್ಟಿಲಿನ ಕೊಂಡಿಗಳು ಅವು. ಗೋಡೆಗೆ ಕಾಲು ಆನಿಸಿ ಕೈಗಳ ಮೇಲೆ ನಿಲ್ಲುತ್ತಿದ್ದಳು. ಆಗ ನಾನು ಎಣಿಸಬೇಕು. ನೂರಕ್ಕೆ ಬರುವಷ್ಟರಲ್ಲಿ ಅವಳ ಮೂಗಿನ ತುದಿಯಿಂದ ಬೆವರು ನೆಲಕ್ಕೆ ಹಾಸಿದ ಪರಸಿ ಕಲ್ಲಿನ ಮೇಲೆ ಬೀಳುತ್ತಿತ್ತು. ಒಮ್ಮೆ ಹಾಲು ಉಕ್ಕಿತೆಂದು ಓಡಿ ಎಣಿಕೆ ಮರೆತೆ. ತಿರುಗಿ ಬಂದಾಗ ಇನ್ನೂ ತಲೆಕೆಳಗಾಗಿ ನಿಂತೇ ಇದ್ದಳು. "ಎಷ್ಟಾತು?" ಎಂದಳು. ಗೊತ್ತಿಲ್ಲ ಎಂದೆ. ಮತ್ತೆ ಒಂದರಿಂದ ಶುರು ಮಾಡಿಸಿದಳು.

ಆದರೆ ಅವಳಿಗೆ ನಿಜವಾಗಿ ಬೇಕಾಗಿದ್ದದ್ದು ಬೀಮ್. ಅದು ನಾಲ್ಕು ಇಂಚು ಅಗಲದ ಉದ್ದನೆಯ ಹಲಗೆ. ಅದರ ಮೇಲೆ ನಡೆಯಬೇಕು, ಒಂಟಿ ಕಾಲಲ್ಲಿ ತಿರುಗಬೇಕು, ಹಿಂದಕ್ಕೆ ಬಾಗಿ ಕೈಯೂರಿ ಕಾಲುಗಳನ್ನು ತಲೆಯ ಮೇಲಿಂದ ದಾಟಿಸಿ ಮತ್ತೆ ಅದರ ಮೇಲೇ ನಿಲ್ಲಬೇಕು. ಕೋಚ್ ಮೇಡಂ ದಿನಾ ಬೆಳಿಗ್ಗೆ ಫೋನಿನ ಪರದೆಯಲ್ಲಿ ಎಲ್ಲ ಹುಡುಗಿಯರನ್ನೂ ಒಟ್ಟಿಗೆ ನೋಡುತ್ತಿದ್ದರು. ಸಣ್ಣ ಸಣ್ಣ ಚೌಕಗಳಲ್ಲಿ ಹುಡುಗಿಯರು. ಒಬ್ಬಳ ಮನೆಯಲ್ಲಿ ನಿಜವಾದ ಬೀಮೇ ಇತ್ತು, ಕೆಳಗೆ ನೀಲಿ ಹಾಸಿಗೆ, ಹಿಂದೆ ತೋಟ. ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಯಾರದೋ ಮಗು, ನನಗೇನೂ ಮಾಡಿದ್ದಲ್ಲ, ಆದರೂ ಉರಿಯುತ್ತಿತ್ತು.

ಮೇಡಂ ಮೊದಲ ವಾರವೇ ಖಡಕ್ಕಾಗಿ ಹೇಳಿದ್ದರು: "ಕ್ಯಾಂಪ್ ಮತ್ತೆ ತೆಗೆದಾಗ ಎಲ್ಲರನ್ನೂ ಕರೆಯೋದಿಲ್ಲ. ಪ್ರತಿಯೊಬ್ಬರೂ ಮನೆಯಿಂದ ಟೆಸ್ಟ್ ವಿಡಿಯೊ ಕಳಿಸಬೇಕು. ಬೀಮ್ ಮೇಲೆ ಕಾಲು ಮರೆತವರಿಗೆ ಮತ್ತೆ ಮೊದಲಿಂದ ಕಲಿಸೋಕೆ ನನ್ನ ಹತ್ರ ಟೈಮಿಲ್ಲ." ಆರು ವರ್ಷ ಮನೆ, ಹಬ್ಬ, ನಮ್ಮ ಕೈಯ ಊಟ ಬಿಟ್ಟು ಗಳಿಸಿದ್ದು ಒಂದು ವಿಡಿಯೊದಲ್ಲಿ ಉಳಿಯಬೇಕಿತ್ತು, ಇಲ್ಲವೇ ಹೋಗಬೇಕಿತ್ತು.

ಅವಳು ಅಂಗಳಕ್ಕೆ ಬಂದು ತೊಲೆಯನ್ನು ಕಾಲಿನಿಂದ ಒತ್ತಿ ನೋಡಿದಳು. ಅಲ್ಲಾಡಲಿಲ್ಲ. ಅದು ಒಂದು ಗೇಣು ಅಗಲವಿತ್ತು. ಇದ್ದಲಿನಿಂದ ಉದ್ದಕ್ಕೆ ಎರಡು ಗೆರೆ ಎಳೆದು ನಡುವೆ ನಾಲ್ಕು ಇಂಚು ಬಿಟ್ಟಳು. ಬೆವರಿಗೆ ಇದ್ದಲು ಅಳಿಸಿಹೋಗುತ್ತಿದ್ದರಿಂದ ಮೊಳೆಯಿಂದ ಗೀರಿದಳು. ಗೆರೆ ದಾಟಿದರೆ ಬಿದ್ದಂತೆ ಲೆಕ್ಕ. ನಿಜವಾಗಿ ಬೀಳುವುದಕ್ಕೆ ಹಿಂದೆ ಮಿಲ್ಲಿನಿಂದ ತಂದಿಟ್ಟಿದ್ದ ಭತ್ತದ ಹೊಟ್ಟನ್ನು ಗೋಣಿಚೀಲಗಳಿಗೆ ತುಂಬಿ ಎರಡೂ ಕಡೆ ಹಾಸಿದೆವು. ಮೊದಲ ದಿನ ಹೊಟ್ಟಿನ ದೂಳಿಗೆ ಅವಳ ಮೈಯೆಲ್ಲ ತುರಿಕೆ ಎದ್ದಿತು. ಮರುದಿನ ಮೇಲೆ ನನ್ನ ಎರಡು ಕೌದಿ ಹಾಸಿದೆ. ಹತ್ತು ಗಂಟೆಗೇ ಕಾದ ಹಂಚಾಗುವ ಅಂಗಳ ನಮ್ಮದು. ಹಾಗಾಗಿ ಅವಳು ಐದೂವರೆಗೆ ಎದ್ದು ಎಂಟಕ್ಕೆ ಮುಗಿಸುತ್ತಿದ್ದಳು. ನಾನು ಫೋನ್ ಹಿಡಿಯಬೇಕು. "ಅಜ್ಜಿ, ಫೋನ್ ಅಲ್ಲಾಡಿಸಬೇಡಿ, ನನಗೆ ಹುಡುಗಿ ಕಾಣ್ತಿಲ್ಲ, ಬರೀ ಆಕಾಶ ಕಾಣ್ತಿದೆ" ಎಂದು ಮೇಡಂ ಬೈದರೆ ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದೆ.

ಆಚೆ ಕಟ್ಟೆಯ ಮೇಲೆ ನೆಗೆಣ್ಣಿ ಅಕ್ಕಿ ಆರಿಸುತ್ತ ಕೂರುತ್ತಿದ್ದರು.

"ಯವ್ವಾ, ಇದೇನು ಡೊಂಬರಾಟ? ಇದಕ್ಕಾ ಏನು ಆರು ವರ್ಷ ಹಾಸ್ಟೆಲ್‌ದಾಗ ಇಟ್ಟಿದ್ದು? ಮೊಣಕಾಲು ಮುರಕೊಂಡ್ರ ಯಾರು ಮದಿವಿ ಆಗ್ತಾರ?"

"ಕಾಲು ಮುರಕೊಂಡ್ರ ಕೈ ಮ್ಯಾಲ ನಡಕೋತ ಹೋಗ್ತೀನಿ ದೊಡ್ಡಜ್ಜೀ, ನೀವು ಮಾಂಗಲ್ಯ ಹಿಡಕೊಂಡು ನಿಂದರ್ರಿ" ಎಂದು ನಿಮ್ಮ ಅಕ್ಕ ತೊಲೆಯ ಮೇಲಿಂದಲೇ ಹೇಳಿದಳು.

ನಾನು ಸೆರಗಿನೊಳಗೆ ನಕ್ಕೆ. ಆದರೆ ಡೊಂಬರಾಟ ಎಂಬ ಮಾತು ಮನಸ್ಸಿನಲ್ಲಿ ಉಳಿಯಿತು. ನಮ್ಮ ಹಳ್ಳಿ ಶಾಲೆಯ ಮುಂದೆ ಆ ಜನ ಬಂದಾಗ ಒಬ್ಬ ಹುಡುಗಿ ಹಗ್ಗದ ಮೇಲೆ ನಡೆದಿದ್ದಳು. ಮಾಸ್ತರರೂ ಸೇರಿ ನಾವೆಲ್ಲ ಉಸಿರು ಹಿಡಿದು ನೋಡಿದೆವು. ಅವಳು ಕೆಳಗಿಳಿದು ತಟ್ಟೆ ಹಿಡಿದು ಬಂದಾಗ ಮಾತ್ರ ಹಿಂದಕ್ಕೆ ಸರಿದೆವು. ನಾನೂ ಸರಿದೆ. ಅಂಥ ಕೆಲಸದ ಹೆಸರನ್ನು ನಾವು ಬೈಗುಳ ಮಾಡಿಕೊಂಡಿದ್ದೇವೆ.

ಮೂರನೇ ವಾರಕ್ಕೆ ಅವಳ ಬಿಳಿ ಪುಡಿ ಮುಗಿಯಿತು. ಅಂಗೈ ಮತ್ತು ಅಂಗಾಲು ಜಾರದಂತೆ ಅವರು ಹಚ್ಚಿಕೊಳ್ಳುವ ಪುಡಿ ಅದು. ರಾಯಚೂರಿನಲ್ಲೂ ಸಿಗುವುದಿಲ್ಲ, ಸಿಕ್ಕರೂ ಅಂಗಡಿಗಳೆಲ್ಲ ಮುಚ್ಚಿದ್ದವು. ಜೋಳದ ಹಿಟ್ಟು ಹಚ್ಚಿ ನೋಡಿದಳು, ಬೆವರಿಗೆ ಅಂಟಾಯಿತು. ರಂಗೋಲಿ ಪುಡಿ ಹರಳು ಹರಳಾಗಿ ಚುಚ್ಚಿತು. ಸುಣ್ಣ ಹಚ್ಚಿಕೊಂಡಾಗ ಅಂಗೈ ಉರಿದು ಒಂದು ದಿನ ಕೆಲಸ ಕೆಟ್ಟಿತು. ಒಂದು ಬೆಳಿಗ್ಗೆ ಬೆವರಿನ ಕಾಲು ಜಾರಿ ತೊಲೆಯ ಅಂಚಿಗೆ ತೊಡೆ ಬಡಿಯಿತು. ಅಂಗೈಯಗಲ ನೀಲಿಗಟ್ಟಿತು. ಅವಳು ಅಳಲಿಲ್ಲ. ಕುಳಿತು ತನ್ನ ಪಾದಗಳನ್ನೇ ನೋಡುತ್ತಿದ್ದಳು, ಅವು ತನಗೆ ಮೋಸ ಮಾಡಿದವು ಎಂಬಂತೆ.

ಆಗ ನನಗೆ ನಿಮ್ಮ ಅಜ್ಜ ನೆನಪಾದರು. ಅವರು ದಿನಾ ಸ್ನಾನವಾದ ಮೇಲೆ ಹಣೆಗೆ, ತೋಳಿಗೆ, ಎದೆಗೆ ವಿಭೂತಿ ಎಳೆದುಕೊಂಡು, ಉಳಿದ ಪುಡಿಯನ್ನು ಎರಡೂ ಅಂಗೈಗೆ ತಿಕ್ಕಿಕೊಂಡು ಹೊಲಕ್ಕೆ ಹೋಗುತ್ತಿದ್ದರು. "ಕೈ ಒಣಗಿದ್ರ ಕುಡಗೋಲು ಜಾರಂಗಿಲ್ಲ" ಎನ್ನುತ್ತಿದ್ದರು. ಅವರ ತಗಡಿನ ಡಬ್ಬಿಯಲ್ಲಿ ಹತ್ತು ಹನ್ನೆರಡು ವಿಭೂತಿ ಗಟ್ಟಿಗಳು ಹಾಗೇ ಇದ್ದವು. ನಾನು ಒಂದನ್ನು ತೆಗೆದು ಕುಟ್ಟಾಣಿಯಲ್ಲಿ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ವಾಟಿಯಲ್ಲಿ ಹಾಕಿ ಕೊಟ್ಟೆ.

"ಇದನ್ನ ಕಾಲಿಗಿ ಹಚ್ಚಬಹುದಾ, ಅಜ್ಜೀ?" ಎಂದು ಅವಳೇ ಕೇಳಿದಳು. ಅವಳು ಕೇಳಿದ್ದಳು, ಇದನ್ನು ಮರೆಯಬೇಡಿ.

"ಹಚ್ಚಿಕೋ" ಎಂದೆ. "ನಿಮ್ಮ ಅಜ್ಜಂದು. ಅವ್ರು ಬ್ಯಾಡ ಅನ್ನಂಗಿಲ್ಲ."

ಪುಡಿ ಹಿಡಿಯಿತು. ಅವತ್ತು ಅವಳು ಒಮ್ಮೆಯೂ ಗೆರೆ ದಾಟಲಿಲ್ಲ. ಮೇಡಂ ಫೋನಿನಲ್ಲಿ, "ಇವತ್ತು ಕಾಲು ಮಾತು ಕೇಳ್ತಿದೆ" ಎಂದರು. ನಾಲ್ಕು ದಿನ ಎಲ್ಲ ಚೆನ್ನಾಗಿ ನಡೆಯಿತು. ಐದನೇ ದಿನ ಅವಳು ಕಾಲು ಒರೆಸಿಕೊಳ್ಳದೆ ನೀರು ಕುಡಿಯಲು ನಳಕ್ಕೆ ಹೋದಳು. ನಳ ಇರುವುದು ಅವರ ಕಟ್ಟೆಯ ಬುಡದಲ್ಲಿ. ಕಪ್ಪು ಪರಸಿಯ ಮೇಲೆ ತೊಲೆಯಿಂದ ನಳದವರೆಗೆ ಬೆಳ್ಳಗಿನ ಹೆಜ್ಜೆಗಳು ಮೂಡಿದವು. ಅದೇ ಹೊತ್ತಿಗೆ ಭಾವ ಸ್ನಾನ ಮಾಡಿ ಮಡಿಯಲ್ಲಿ ಪೂಜೆಗೆ ಹೊರಟಿದ್ದರು. ಅವರ ಕಾಲು ಒಂದು ಹೆಜ್ಜೆಯ ಮೇಲೇ ಬಿತ್ತು.

ಬಗ್ಗಿ ಬೆರಳಿನಲ್ಲಿ ಒರೆಸಿಕೊಂಡು ಮೂಸಿದರು.

"ಈಬತ್ತಿ! ಕಾಲಿಗಿ ಈಬತ್ತಿ ಬಡಕೊಂಡು ನೆಲಕ್ಕ ತುಳ್ಯಾಕತ್ತಿಯೇನಬೇ? ಎಲ್ಲಿಂದ ತಗೊಂಡಿ?"

ನೆಗೆಣ್ಣಿ ಬಾಗಿಲಿಗೆ ಬಂದು, "ನಮ್ಮ ದೇವರ ಮಾಡದಾಗಿನ ಗಟ್ಟಿ ಸವದಂಗ ಕಾಣ್ತದ ಅಂತ ನಿನ್ನೀನಾ ಅಂದಿದ್ದೆ. ನೀವು ಇಲಿ ಅಂದ್ರಿ. ನೋಡ್ರಿ, ಇಲಿ ಎಷ್ಟು ದೊಡ್ಡದದ" ಎಂದರು.

ನಾನು ನಮ್ಮ ಬಾಗಿಲಲ್ಲಿ ಫೋನ್ ಹಿಡಿದು ನಿಂತಿದ್ದೆ. ಹೇಳಬೇಕಾದ ಮಾತು ಮೂರೇ ಇದ್ದವು: ನಾನು ಕೊಟ್ಟೆ, ನಮ್ಮದು, ಬಿಡಿ. ಅವುಗಳ ಬದಲು ನನ್ನ ಕೈ ತಾನೇ ಹೋಗಿ ಸೆರಗನ್ನು ಹಣೆಯ ಮೇಲೆ ಎಳೆಯಿತು. ನಿಮ್ಮ ಅಕ್ಕ ತಿರುಗಿ ಒಂದು ಸಲ ನನ್ನನ್ನು ನೋಡಿದಳು. ಕಾದಳು. ಆಮೇಲೆ ಅವರ ಕಡೆ ತಿರುಗಿ, "ನಾನಾ ತಗೊಂಡೀನಿ ದೊಡ್ಡಜ್ಜ. ತಪ್ಪಾತು" ಎಂದಳು.

"ಇನ್ನ ಆ ತೊಲಿ ಮ್ಯಾಲ ನಿನ್ನ ಕಾಲು ಕಂಡ್ರ ನೋಡು" ಎಂದರು ಭಾವ. ನೆಗೆಣ್ಣಿ ಸಗಣಿ ನೀರು ತಂದು ಆ ಹೆಜ್ಜೆಗಳನ್ನು ಒಂದೊಂದಾಗಿ ಸಾರಿಸಿದರು. ತೊಲೆಯ ಮೇಲೂ ಸುರಿದರು. ನಾನು ಅಲ್ಲಿಯವರೆಗೂ ಬಾಗಿಲಲ್ಲೇ ಇದ್ದೆ. ಇದಕ್ಕೆ ಇವತ್ತಿಗೂ ನನಗೆ ನನ್ನ ಮೇಲೆ ಇರುವಷ್ಟು ಸಿಟ್ಟು ಅವರ ಮೇಲೂ ಇಲ್ಲ. ಅವರ ಮೇಲೆಯೂ ಕಡಿಮೆಯೇನಿಲ್ಲ.

ಟೆಸ್ಟ್ ವಿಡಿಯೊಗೆ ಹತ್ತು ದಿನ ಉಳಿದಿತ್ತು.

ಅವಳು ಪಡಸಾಲೆಯ ನೆಲದ ಮೇಲೆ ಗೆರೆ ಎಳೆದುಕೊಂಡು ಮಾಡತೊಡಗಿದಳು. ಮೇಡಂ ಎರಡನೇ ದಿನವೇ, "ತೊಲೆ ಎಲ್ಲಿ ಹೋಯ್ತು? ನೆಲದ ಮೇಲೆ ಯಾರು ಬೇಕಾದ್ರೂ ಮಾಡ್ತಾರೆ" ಎಂದು ಬೈದರು. ನಿಮ್ಮ ಅಕ್ಕ ಕಾರಣ ಹೇಳಲಿಲ್ಲ. ನನ್ನೊಡನೆಯೂ ಮಾತಾಡಲಿಲ್ಲ. ರೊಟ್ಟಿ ಹಾಕಿದರೆ ತಿಂದಳು, ತಟ್ಟೆ ತೊಳೆದಳು, ಅಷ್ಟೆ. ಗೋಡೆಗೆ ಕಾಲು ಆನಿಸಿ ನಿಂತಾಗ ತಾನೇ ಎಣಿಸಿಕೊಂಡಳು. ಐದನೇ ದಿನ ನಾನೇ ಹತ್ತಿರ ಹೋಗಿ, "ಸಿಟ್ಟು ಬಂದದೇನವಾ?" ಎಂದೆ.

"ನೀ ಹೇಳ್ತಿ ಅಂತ ಕಾದೆ."

"ನಾ ಅವ್ರ ಜೋಡಿ ಮಾತಾಡಂಗಿಲ್ಲಲ್ಲ, ನಿನಗ ಗೊತ್ತದ."

"ನಿನ್ನ ಕಾಲು ನಡಗಾಕತ್ತಿದ್ವು. ಅದಕ್ಕ ನಾ ಹೇಳಿದೆ. ನನ್ನ ಕಾಲು ಬೀಮ್ ಮ್ಯಾಲೂ ನಡಗಂಗಿಲ್ಲ." ನೆಲದ ಗೆರೆಯ ಕಡೆ ಕೈ ತೋರಿಸಿ, "ಈಗ ಬೀಮ್ ಎಲ್ಲದ, ಹೇಳು?" ಎಂದಳು.

ಹದಿನೈದು ವರ್ಷದ ಹುಡುಗಿ ಅಜ್ಜಿಗೆ ಹಾಗೆ ಅನ್ನಬಾರದಿತ್ತು ಎಂದು ನಿಮಗೆ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ನನ್ನ ಬಾಯಿ ಮುಚ್ಚಿದ್ದಕ್ಕೆ ಅವಳು ಕೊಟ್ಟದ್ದು ಐದು ದಿನ. ಬೀಮಿನ ಮೇಲೆ ಐದು ದಿನ ಎಂದರೆ ಎಷ್ಟು ಎಂಬುದು ಅಷ್ಟು ಹೊತ್ತಿಗೆ ನನಗೂ ಗೊತ್ತಾಗಿತ್ತು.

ಮರುದಿನ ಬೆಳಿಗ್ಗೆ ನಮ್ಮ ಓಣಿಯ ಬಡಗಿ ಮುಖಕ್ಕೆ ಟವೆಲ್ ಕಟ್ಟಿಕೊಂಡು ಗರಗಸ ಹಿಡಿದು ಬಂದ. ಭಾವ ತಮ್ಮ ದೇವರ ಕೋಣೆಗೆ ಹೊಸ ಹೊಸ್ತಿಲು ಹಾಕಿಸುತ್ತಾರಂತೆ. ಅದಕ್ಕೆ ಈ ತೊಲೆಯೇ ಬೇಕಂತೆ. ಇಷ್ಟು ವರ್ಷ ಬೇಡವಾದದ್ದು, ಹುಡುಗಿ ಹತ್ತಿದ ಮೇಲೆ ಬೇಕಾಯಿತು. ತೊಲೆಯನ್ನು ಉರುಳಿಸಿ ಆ ಕಡೆಗೆ ಒಯ್ಯಲು ಬಡಗಿ ಕೆಳಗೆ ಸಲಾಕೆ ತೂರಿಸುತ್ತಿದ್ದ.

ನಾನು ಮುಸುರೆ ಕೈಯನ್ನು ಸೀರೆಗೆ ಒರೆಸಿಕೊಂಡು ಹೋಗಿ ತೊಲೆಯ ನಡುವೆ ಕುಳಿತೆ.

ಬಡಗಿ ಸಲಾಕೆ ಬಿಟ್ಟು ಹಿಂದೆ ಸರಿದ. ಭಾವ ತಮ್ಮ ಕಟ್ಟೆಯ ಮೇಲಿದ್ದರು. ಅವರು ಹೆಂಡತಿಯ ಕಡೆ ತಿರುಗಿ, "ನಿನ್ನ ನೆಗೆಣ್ಣಿಗಿ ಹೇಳು, ಎದ್ದು ಒಳಗ ಹೋಗು ಅಂತ" ಎಂದರು.

"ಅಕ್ಕಗ ಹೇಳಬ್ಯಾಡ್ರಿ, ನನಗಾ ಹೇಳ್ರಿ" ಎಂದೆ. "ನನಗ ಕಿವಿ ಕೇಳ್ತಾವ."

ಸೆರಗು ಹೆಗಲಿಗೆ ಜಾರಿತ್ತು. ಮತ್ತೆ ಎಳೆದುಕೊಳ್ಳಲಿಲ್ಲ. ನನ್ನ ಧ್ವನಿ ನನಗೇ ಯಾರದೋ ಎನ್ನಿಸಿತು, ಒಡೆದ ಕೊಡದಲ್ಲಿ ಮಾತಾಡಿದಂತೆ.

"ಭಾವನೋರ, ಈಬತ್ತಿ ಹುಡುಗಿ ಕದ್ದಿಲ್ಲ. ನಿಮ್ಮ ತಮ್ಮನ ಡಬ್ಬ್ಯಾಗಿಂದು. ನಾ ಕುಟ್ಟಿ, ನಾ ಸೋಸಿ, ನಾ ಕೊಟ್ಟೀನಿ. ಕಾಲಿಗಿ ಹಚ್ಚಿಕೋ ಅಂದಾಕಿನೂ ನಾನಾ. ಬೈಯೂದಿದ್ರ ನನಗ ಬೈರಿ."

ಅವರು ನನ್ನನ್ನು ನೋಡಲೇ ಇಲ್ಲ. ಹೆಂಡತಿಗೇ ಹೇಳಿದರು. "ಕೇಳಿದೇನು? ನಲವತ್ತು ವರ್ಷ ಬಾಯಿಲ್ಲದಾಕಿಗಿ ಈಗ ಬಾಯಿ ಬಂತು. ಅವ್ವನ ಮಾತು ಏನಿತ್ತು? ಯಾರಿಗಿ ಮೊದಲ ಬೇಕೋ ಅವ್ರದು."

"ಮೊದಲ ನಮಗ ಬೇಕಾತು. ಒಂದು ತಿಂಗಳಾತು, ನೀವಾ ನೋಡೀರಿ. ದಿನಾ ಕಟ್ಟಿ ಮ್ಯಾಲ ಕುಂತು ನೋಡೀರಿ."

"ಕುಣ್ಯಾಕ ಬೇಕಾತು. ದೇವರಿಗಿ ಬೇಕಾದ್ದು ಮೊದಲೋ, ಕುಣ್ಯಾದು ಮೊದಲೋ?"

"ದೇವರ ಹೆಸರು ಹೇಳಿ ಹುಡುಗೀನ್ನ ಕಳ್ಳಿ ಮಾಡೀರಿ. ಮೊದಲ ಅದನ್ನ ವಾಪಸ್ ತಗೋರಿ."

ಬಡಗಿ ಕೆಮ್ಮಿದ. ಆ ದಿನಗಳಲ್ಲಿ ಕೆಮ್ಮಿದರೆ ಎಲ್ಲರೂ ಹಿಂದೆ ಸರಿಯುತ್ತಿದ್ದರು. ಅವನೇ ನಾಚಿಕೊಂಡು, "ಯಜಮಾನ್ರ, ನಾ ಆಮ್ಯಾಲ ಬರ್ಲೇನ್ರಿ?" ಎಂದ.

"ಇಲ್ಲೇ ನಿಂದ್ರು!" ಎಂದು ಭಾವ ಕೂಗಿದರು. ಕಟ್ಟೆ ಇಳಿದು ಬಂದರು. ಅಷ್ಟು ಹತ್ತಿರದಿಂದ ನಾನು ಅವರ ಮುಖವನ್ನು ಯಾವತ್ತೂ ಕಂಡಿರಲಿಲ್ಲ. ಕಣ್ಣು ನಿಮ್ಮ ಅಜ್ಜನ ಕಣ್ಣಿನಂತೆಯೇ ಇವೆ. ಅದನ್ನು ಕಂಡು ನನಗೆ ಇನ್ನೂ ಸಿಟ್ಟು ಬಂತು. "ಪಾಲು ಅಂದ್ರ ಪಾಲು" ಎಂದರು ಬಡಗಿಗೆ. "ನಡಬರಕ ಕೊಯ್ದು ಹಾಕು. ಎಂಟು ಅಡಿ ಆಕಿಗಿ, ಎಂಟು ಅಡಿ ನನಗ."

ನಿಮ್ಮ ಅಕ್ಕ ನಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. "ಅಜ್ಜೀ, ಬ್ಯಾಡ" ಎಂದಳು. ಅರ್ಧ ಬೀಮಿನ ಮೇಲೆ ಏನೂ ಮಾಡಲಾಗದು ಎಂದು ಅವಳಿಗೆ ಗೊತ್ತಿತ್ತು. ನಾನು ಏಳದಿದ್ದರೆ ಇಡೀ ತೊಲೆ ಹಾಗೇ ಬಿದ್ದಿರುತ್ತದೆ, ಆದರೆ ಅವಳು ಅದರ ಮೇಲೆ ಕಾಲಿಡಲು ಅವರು ಬಿಡುವುದಿಲ್ಲ. ನನ್ನ ಪಾಲಿನ ಮೇಲೆ ಮಾತ್ರ ಅವರು ಏನೂ ಅನ್ನುವಂತಿಲ್ಲ. ನಾಲ್ಕೇ ದಿನ ಉಳಿದಿದ್ದವು. ನಾನು ಎದ್ದೆ. "ಕೊಯ್ಯಪ್ಪಾ" ಎಂದೆ.

ಒಣಗಿದ ಬೇವು, ಗರಗಸಕ್ಕೆ ಸುಲಭವಾಗಿ ಬಗ್ಗಲಿಲ್ಲ. ಒಂದು ತಾಸು ಹಿಡಿಯಿತು. ಅಷ್ಟು ಹೊತ್ತೂ ಅವರು ಆ ತುದಿಯಲ್ಲಿ ನಿಂತಿದ್ದರು, ನಾನು ಈ ತುದಿಯಲ್ಲಿ ನಿಂತಿದ್ದೆ. ಹುಡುಗಿಯನ್ನು ಕಳ್ಳಿ ಎಂದ ಮಾತನ್ನು ಅವರು ವಾಪಸ್ ತೆಗೆದುಕೊಳ್ಳಲಿಲ್ಲ.

ಫೋನಿನಲ್ಲಿ ಎಂಟು ಅಡಿಯ ತುಂಡನ್ನು ನೋಡಿ ಮೇಡಂ ಅಳತೆ ಕೇಳಿದರು. ಆಮೇಲೆ, "ಇದರ ಮೇಲೆ ಸಾಲಾಗಿ ಎರಡು ಪಲ್ಟಿ ಆಗೋದಿಲ್ಲ. ಒಂದು ಮಾಡು, ತಿರುಗು, ಮತ್ತೆ ಒಂದು ಮಾಡು. ಅಂಕ ಕಡಿಮೆಯಾಗುತ್ತೆ, ಆದ್ರೆ ಬೀಳಬೇಡ" ಎಂದರು. ನಿಮ್ಮ ಅಕ್ಕ ನಾಲ್ಕು ದಿನ ಅದನ್ನೇ ಮಾಡಿದಳು. ಎಂಟು ಅಡಿಗೆ ಒಂಟಿ ಕಾಲಲ್ಲಿ ತಿರುಗುವುದು, ಮತ್ತೆ ಎಂಟು ಅಡಿ, ಮತ್ತೆ ತಿರುಗುವುದು, ಹಗ್ಗ ಕಟ್ಟಿದ ಕರುವಿನ ಹಾಗೆ. ಎಷ್ಟೋ ಸಲ ಬಿದ್ದಳು. ತುದಿ ಮುಗಿದದ್ದು ಅವಳ ಮೈಗೆ ಇನ್ನೂ ಗೊತ್ತಾಗಿರಲಿಲ್ಲ. ಕಾಲು ಹಳೆಯ ಅಳತೆಯಲ್ಲೇ ಹೆಜ್ಜೆ ಇಟ್ಟು ಗಾಳಿಯಲ್ಲಿ ಬೀಳುತ್ತಿತ್ತು.

ವಿಡಿಯೊ ಕಳಿಸುವ ಬೆಳಿಗ್ಗೆ ನಾನು ಕುಟ್ಟಾಣಿಯನ್ನು ಅಂಗಳದ ನಡುವೆ ತಂದಿಟ್ಟೆ. ಭಾವ ಪೂಜೆಗೆ ಕೂರುವ ಹೊತ್ತು ನೋಡಿಯೇ ಇಟ್ಟೆ. ನಿಮ್ಮ ಅಜ್ಜನ ಡಬ್ಬಿಯಿಂದ ಎರಡು ಗಟ್ಟಿ ತೆಗೆದು ಓಣಿಗೆಲ್ಲ ಕೇಳುವಂತೆ ಕುಟ್ಟಿದೆ. ಒಂದು ಸಾಕಿತ್ತು. ನಿಮ್ಮ ಅಕ್ಕನನ್ನು ತೊಲೆಯ ಮೇಲೆ ಕೂಡಿಸಿ, ಅವಳ ಪಾದಗಳನ್ನು ನನ್ನ ಮಡಿಲಲ್ಲಿಟ್ಟುಕೊಂಡು, ಅಂಗಾಲಿಗೆ, ಬೆರಳ ಸಂದಿಗೆ, ಹಿಮ್ಮಡಿಗೆ ನನ್ನ ಕೈಯಿಂದಲೇ ಹಚ್ಚಿದೆ. ಆ ಪಾದಗಳು ಹುಡುಗಿಯ ಪಾದಗಳಂತಿರಲಿಲ್ಲ. ಒರಟಾಗಿ, ಒಡೆದು, ನಾಟಿ ಮಾಡುವ ಹೆಂಗಸರ ಪಾದಗಳಂತಿದ್ದವು.

ನೆಗೆಣ್ಣಿ ಹೊರಗೆ ಬಂದು ನೋಡಿದರು. "ಪಾಪ ಸುತ್ತಿಕೊಳ್ತದ. ಅಜ್ಜಿ ಮೊಮ್ಮಗಳು ಇಬ್ಬರೂ ನರಕಕ್ಕ ಹೋಗ್ತೀರಿ."

"ನೀವೂ ಬರ್ರಿ ಅಕ್ಕಾ, ನಳ ತೊಳ್ಯಾಕ ಅಲ್ಲಿ ಒಬ್ಬರು ಬೇಕಾಗ್ತಾರ" ಎಂದೆ.

ನಿಮ್ಮ ಅಕ್ಕ ಜೋರಾಗಿ ನಕ್ಕಳು. ಹತ್ತು ದಿನಗಳಲ್ಲಿ ಅವಳು ನನ್ನ ಮಾತಿಗೆ ನಕ್ಕದ್ದು ಅದೇ ಮೊದಲು. ಆಮೇಲೆ ಎದ್ದು ತೊಲೆಯ ಮೇಲೆ ನಿಂತಳು. ನಾನು ಫೋನ್ ಹಿಡಿದೆ. ಈ ಸಲ ಅದು ಅಲ್ಲಾಡಲಿಲ್ಲ. ಅವಳು ಹೋದಳು, ತಿರುಗಿದಳು, ಹಿಂದಕ್ಕೆ ಬಾಗಿ ಆಕಾಶವನ್ನು ಕಾಲಿನಿಂದ ದಾಟಿದಳು, ತಿರುಗಿದಳು, ಮತ್ತೆ ದಾಟಿದಳು. ಒಂದು ಕಡೆ ಮೈ ಓಲಾಡಿತು, ಕೈ ಚಾಚಿ ಹಿಡಿದುಕೊಂಡಳು. ಬೀಳಲಿಲ್ಲ. ಗೆರೆ ದಾಟಲಿಲ್ಲ. ಆ ವಿಡಿಯೊ ಈಗಲೂ ನನ್ನ ಫೋನಿನಲ್ಲಿದೆ. ಅದರ ಹಿಂದುಗಡೆ, ಕಟ್ಟೆಯ ಮೇಲೆ, ಪೂಜೆ ಬಿಟ್ಟು ಎದ್ದು ಬಂದು ನಿಂತ ಒಬ್ಬ ಮುದುಕ ಕಾಣುತ್ತಾನೆ. ಅವರು ಇಡೀ ಹೊತ್ತು ಅಲ್ಲೇ ನಿಂತು ನೋಡಿದ್ದಾರೆ. ಬಾಯಿ ಸ್ವಲ್ಪ ತೆರೆದಿದೆ.

ಪಟ್ಟಿ ಬಂದಾಗ ಅವಳ ಹೆಸರು ಕೊನೆಯಲ್ಲಿತ್ತು. ಬೀಮ್ ಹಿಂದೆ ಬಿದ್ದಿದೆ, ಮೊದಲಿಂದ ಕಟ್ಟಬೇಕು ಎಂದು ಪಕ್ಕದಲ್ಲಿ ಬರೆದಿದ್ದರಂತೆ. ಆದರೆ ಹೆಸರಿತ್ತು. ಇಡೀ ತೊಲೆ ಇದ್ದಿದ್ದರೆ ಮೇಲೆ ಇರುತ್ತಿತ್ತು. ಇದಕ್ಕಾಗಿ ನಾನು ಯಾರನ್ನೂ ಮನ್ನಿಸುವುದಿಲ್ಲ. ಹೊರಡುವ ದಿನ ಹಿರಿಯರ ಕಾಲಿಗೆ ಬೀಳುವುದು ಪದ್ಧತಿ. ಬೇಡ ಎಂದು ನಾನು ಹೇಳಿದರೂ ಅವಳು ಆಚೆ ಕಟ್ಟೆಗೆ ಹೋದಳು. ಭಾವ ಕಾಲು ಹಿಂದಕ್ಕೆ ಎಳೆದುಕೊಂಡರು. ಅವಳು ಅವರ ಕಾಲಿದ್ದ ಖಾಲಿ ಜಾಗಕ್ಕೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಬಂದಳು. ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ.

ಅವರ ಪಾಲಿನ ತುಂಡು ಈಗ ಅವರ ದೇವರ ಕೋಣೆಯ ಹೊಸ್ತಿಲಾಗಿದೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು ಅವರು ಅದಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಾರೆ, ಹಣೆ ಮುಟ್ಟಿಸುತ್ತಾರೆ. ನಮ್ಮ ಬಾಗಿಲಲ್ಲಿ ನಿಂತರೆ ಕಾಣುತ್ತದೆ. ನಾನು ದಿನಾ ನಿಂತು ನೋಡುತ್ತೇನೆ.

ನೀವು ಮುಂದಿನ ಸಲ ಆಚೆ ಮನೆಗೆ ಹೋದಾಗ ಆ ಹೊಸ್ತಿಲನ್ನು ದಾಟುವ ಮುಂಚೆ ಬಗ್ಗಿ ನೋಡಿ. ಬಡಗಿ ಮೇಲ್ಮೈಯನ್ನು ಕೆತ್ತಿಲ್ಲ. ವಿಭೂತಿಯ ಕೆಳಗೆ ಉದ್ದಕ್ಕೆ ಎರಡು ಗೆರೆ ಇವೆ, ನಡುವೆ ನಾಲ್ಕು ಇಂಚು. ಅವು ನಿಮ್ಮ ಅಕ್ಕ ಮೊಳೆಯಿಂದ ಗೀರಿದ ಗೆರೆಗಳು. ಅಲ್ಲಿ ಯಾರಾದರೂ ಅವಳನ್ನು ಕಳ್ಳಿ ಎಂದರೆ ಜಗಳಕ್ಕೆ ನಿಲ್ಲಬೇಡಿ, ಅಳುತ್ತ ಓಡಿ ಬರಲೂಬೇಡಿ. ಆ ಹೊಸ್ತಿಲ ಮೇಲೇ ನಿಂತು ನನ್ನನ್ನು ಕೂಗಿ. ನಾನು ಬಂದು ಮಾತಾಡುತ್ತೇನೆ.